ಮೀನಾಟ

ಒಳ್ಳೆಯದಾಗಲಿ ಎಂದೇ ಮಾಡಿದ ವಸ್ತು ಅದು. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮಾಡಿದವರಿಗೆ ಅನ್ಯಾಯವಾದೀತು. ಜೋಳದ ಕಾಳಿನಷ್ಟು ಗಾತ್ರ. ಮೂರು ತುಂಬಿದ ಮಗುವಿನ ಎರಡೂ ಕಿವಿಗಳ ಹಿಂದೆ, ಚರ್ಮದ ಕೆಳಗೆ, ಒಂದೊಂದನ್ನು ಕೂರಿಸುತ್ತಿದ್ದರು. ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಅದಕ್ಕೊಂದು ಉದ್ದದ ಹೆಸರಿತ್ತು. ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಜನ ಕಿವಿಮಣಿ ಅಂದರು, ಅದೇ ನಿಂತಿತು.

ಅದರ ಕೆಲಸ ಇಷ್ಟೆ. ಕಿವಿಯ ತಮಟೆಯ ಹಿಂದೆ ಮೂರು ಪುಟ್ಟ ಎಲುಬುಗಳಿವೆಯಂತೆ, ಹೊರಗಿನ ಮಾತನ್ನು ಒಳಗೆ ದಾಟಿಸುವವು ಅವೇ. ಮಣಿ ಆ ಎಲುಬುಗಳ ಮೇಲೆ ಕಾವಲು ಕೂರುತ್ತಿತ್ತು. ಮಾತಾಡುವವರ ಮೊದಲ ಉಸಿರಿನಲ್ಲೇ ಮಾತಿನ ವಿಷವನ್ನು ಮೂಸಿ ನೋಡುತ್ತಿತ್ತು. ಬಣ್ಣ, ಕೂದಲು, ಮೂಗು, ಹುಟ್ಟಿದ ಕುಲ ಹಿಡಿದು ಮಗುವನ್ನು ಹಂಗಿಸುವ ಮಾತು ಬರುತ್ತಿದೆ ಅನ್ನಿಸಿದರೆ ಎಲುಬುಗಳನ್ನು ಬಿಗಿಹಿಡಿದುಬಿಡುತ್ತಿತ್ತು. ಮಗುವಿಗೆ ಆ ಹೊತ್ತು ಬರೀ ಮೌನ. ಮಾತು ಮುಗಿದ ಮೇಲೆ ಮತ್ತೆ ಹಕ್ಕಿ, ಗಾಳಿ, ಬಸ್ಸಿನ ಹಾರನ್ನು, ಎಲ್ಲವೂ ಇದ್ದ ಹಾಗೆಯೇ.

ರುಜಾಯಿ ತನ್ನ ಮಗಳು ಜಸಿಂತಾಳಿಗೆ ಅದನ್ನು ಹಾಕಿಸಿದ್ದು ಧಾರವಾಡಕ್ಕೆ ಬಂದ ವರ್ಷ. ಗಂಡ ಇನಾಸ್ ಗೋವಾದ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ. ಇವಳಿಗೆ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯ ಕೆಲಸ. ಅವರು ಸಿದ್ದಿಯರು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದವರ ಮಕ್ಕಳ ಮಕ್ಕಳು. ಹಳಿಯಾಳದ ಆಚೆಯ ಕಾಡಂಚಿನ ಊರಿನಲ್ಲಿ ಅವರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಊರು ದಾಟಿದರೆ ನೋಡುವವರೇ ಎಲ್ಲ.

ರುಜಾಯಿ ಸಣ್ಣವಳಿದ್ದಾಗ ಪೇಟೆಯ ಸಾಲೆಗೆ ಹೋದ ಮೊದಲ ವಾರವೇ ಮಕ್ಕಳು ಅವಳ ಕೈಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿ, ಬಣ್ಣ ಬಿಡುತ್ತದೋ ಎಂದು ಬಟ್ಟೆ ನೋಡಿದ್ದರು. ಅವಳ ಕೂದಲಲ್ಲಿ ಪೆನ್ಸಿಲು ಸಿಕ್ಕಿಸಿ, ಬೀಳುವುದಿಲ್ಲ ನೋಡ್ರೋ ಎಂದು ಕುಣಿದಿದ್ದರು. 'ಕರಿ ಮಂಗ್ಯಾ' ಅಂದಿದ್ದರು. ಕರಿ ಮಂಗ್ಯಾ, ಕರಿ ಮಂಗ್ಯಾ. ಮೂವತ್ತು ದಾಟಿದರೂ ಆ ಎರಡು ಮಾತು ಎಲ್ಲಾದರೂ ಕೇಳಿದರೆ ಅವಳ ಅಂಗೈ ತಣ್ಣಗಾಗುತ್ತಿತ್ತು.

"ನನ್ನ ಮಗಳಿಗೆ ಅದು ಬ್ಯಾಡವಾ," ಅಂದಿದ್ದಳು ತಾಯಿಗೆ. "ಆಕಿ ಅದನ್ನ ಕೇಳೂದ ಬ್ಯಾಡ. ನಾನು ಹೇಳೂದೂ ಬ್ಯಾಡ."

ತಾಯಿ ಮಾರ್ಯಾಣಬಾಯಿ ಆಗ ಕೌದಿ ಹೊಲೆಯುತ್ತ ಕೂತಿದ್ದಳು. ಮೊಮ್ಮಗಳಿಗೆಂದೇ ಶುರುಮಾಡಿದ ಕೌದಿ. ಸೂಜಿಯಿಂದ ಕಣ್ಣೆತ್ತದೆ ಅಂದಳು: "ಕಿವಿ ಮುಚ್ಚಿಕೊಂಡರ ಗುಡುಗು ಸುಮ್ಮನಾಗತೈತಿ. ಸಿಡಿಲು ಸುಮ್ಮನಾಗತೈತೇನು?"

ಆ ಮನೆಯಲ್ಲೊಂದು ಪದ್ಧತಿಯಿತ್ತು. ಮಗು ಮೊದಲ ಸಲ ಹೊರಗಿನ ಸಾಲೆಗೆ ಹೊರಟಾಗ ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಸೇರಿಸಿ ಒಂದು ಕೌದಿ ಹೊಲೆಯುವುದು. ಕೌದಿಯ ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ಹೂವು ಕೂರಿಸಬೇಕು, ಮೂಲೆಯ ಹೂವಿಲ್ಲದ ಕೌದಿ ಬರಿಮೈ ಇದ್ದ ಹಾಗೆ ಎಂದು ಅವರಲ್ಲಿ ಮಾತು. ಮೂರು ಹೂವು ತಾಯಿ ಹಾಕಬೇಕು. ನಾಲ್ಕನೆಯದನ್ನು ಮಗುವೇ, ತನ್ನ ಕೈಯಿಂದಲೇ ಹಾಕಬೇಕು. ಎಷ್ಟು ಸೊಟ್ಟಗಾದರೂ ತಾಯಿ ಮುಟ್ಟುವಂತಿಲ್ಲ. ಮಗು ಆ ಹೂವು ಹಾಕುತ್ತಿರುವಾಗ ತಾಯಿ ಹೊರಗಿನ ಲೋಕದ ಮಾತು ಹೇಳುತ್ತಿದ್ದಳು. ಹೀಗೆ ನೋಡುತ್ತಾರೆ, ಹೀಗೆ ಅನ್ನುತ್ತಾರೆ, ಅಂದಾಗ ಹೀಗೆ ನಿಲ್ಲು.

ರುಜಾಯಿಗೆ ತಾಯಿ ಹಾಗೆಯೇ ಹೇಳಿದ್ದಳು. ಜಸಿಂತಾಳ ಕೌದಿಗೆ ಮೂರು ಹೂವು ಬಿದ್ದವು. ನಾಲ್ಕನೆಯ ಮೂಲೆ ಬರಿದಾಗಿಯೇ ಉಳಿಯಿತು.

ಐದು ವರ್ಷ ಏನೂ ಆಗಲಿಲ್ಲ. ಆಗಲಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಜಸಿಂತಾ ನಕ್ಕರೆ ಓಣಿಯ ಕೊನೆಗೆ ಕೇಳುತ್ತಿತ್ತು. ಯಾರನ್ನು ಕಂಡರೂ ಮಾತಾಡಿಸುವಳು, ಯಾರ ಮನೆಗೂ ನುಗ್ಗುವಳು. ರುಜಾಯಿ ಅವಳನ್ನು ನೋಡಿ ನೋಡಿ, ತನಗೆ ಸಿಗದ ಬಾಲ್ಯವೊಂದು ಅಂಗಳದಲ್ಲಿ ಆಡುತ್ತಿದೆ ಅಂದುಕೊಳ್ಳುತ್ತಿದ್ದಳು.

ಒಂದು ಸಂಜೆ ಜಸಿಂತಾ ಸಾಲೆಯಿಂದ ಬಂದು, ಚೀಲ ಮೂಲೆಗೆಸೆದು, ಅಜ್ಜಿಯ ಮುಂದೆ ಮಂಡಿಯೂರಿ ಕೂತಳು.

"ಆಯಿ, ಮೀನಾಟ ಆಡೂಣ?"

"ಅದ್ಯಾವ ಆಟನ ನನ್ನ ಚಿನ್ನ?"

"ನಮ್ಮ ಸಾಲ್ಯಾಗ ದಿನಾ ಆಡ್ತೀವಿ. ಎಲ್ಲಾರೂ ನನ್ನ ಸುತ್ತ ನಿಂದರ್ತಾರ. ಆಮ್ಯಾಲ ಮೀನಿನಂಗ ಬಾಯಿ ತೆಗೆದು ತೆಗೆದು ಮುಚ್ತಾರ. ಸಪ್ಪಳ ಮಾಡಂಗಿಲ್ಲ. ನಾನು ನಗ್ತೀನಿ, ಅವರೂ ನಗ್ತಾರ. ಹಿಂಗ ನೋಡು."

ಮಗು ಅಜ್ಜಿಯ ಮುಖಕ್ಕೆ ಮುಖ ಹಿಡಿದು ಸದ್ದಿಲ್ಲದೆ ಬಾಯಿ ಆಡಿಸಿತು. ಬಾಯಿ ಅರ್ಧ ತೆರೆಯಿತು, ಹಲ್ಲು ಕಂಡಿತು, ತುಟಿ ಕೂಡಿತು, ಅಗಲವಾಗಿ ಬಿಚ್ಚಿತು. ಮತ್ತೆ ಅದೇ. ಮತ್ತೆ ಅದೇ.

ಮಾರ್ಯಾಣಬಾಯಿ ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರುಜಾಯಿಯ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಆ ತುಟಿಗಳ ಆಕಾರ ಅವರಿಬ್ಬರಿಗೂ ಗೊತ್ತಿತ್ತು. ಆ ಮಾತು ತಮ್ಮ ಮಗುವಿನ ತುಟಿಯ ಮೇಲೆ, ಸದ್ದಿಲ್ಲದೆ, ನಗುನಗುತ್ತ ಆಡುತ್ತಿತ್ತು.

"ಯಾರ ಯಾರ ಆಡ್ತಾರ ಈ ಆಟ?" ಅಜ್ಜಿ ಮೆಲ್ಲಗೆ ಕೇಳಿದಳು.

"ಎಲ್ಲಾರೂ. ಒಂದೊಂದ್ಸಲ ಬಸ್ಸಿನ ಮಾಮಾನೂ. ಅಂಗಡಿ ಅಜ್ಜಾನೂ." ಜಸಿಂತಾ ಎದ್ದು ಕುಣಿಯುತ್ತ ಹೊರಗೆ ಓಡಿದಳು.

ಅವತ್ತು ರುಜಾಯಿಗೆ ಊಟ ಸೇರಲಿಲ್ಲ. ಐದು ವರ್ಷ ಮಗಳು ನಕ್ಕ ಒಂದೊಂದು ನಗುವನ್ನೂ ಮತ್ತೆ ಎಳೆದು ನೋಡುವ ಹಾಗಾಯಿತು. ಯಾವುದು ನಿಜವಾದ ನಗು, ಯಾವುದು ಮೀನಾಟದ್ದು?

ಮರುದಿನ ಬೆಳಿಗ್ಗೆ ಜಡೆ ಹಾಕುವಾಗ ಮಗಳನ್ನು ತನ್ನತ್ತ ತಿರುಗಿಸಿ ಕೂರಿಸಿಕೊಂಡಳು. ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಮಂದಿ ನಮ್ಮ ಬಣ್ಣ ನೋಡಿ ಆಡುವ ಮಾತಿದೆ, ಅದು ಆಟವಲ್ಲ, ಅದನ್ನು ಕೇಳಿ ನಗಬಾರದು ಎಂದು ಹೇಳುತ್ತ ಹೋದಳು. ಜಸಿಂತಾಳ ಕಣ್ಣು ತಾಯಿಯ ತುಟಿಯ ಮೇಲೆ ನಿಂತಿತು. ಆಮೇಲೆ ಆ ಮುಖದಲ್ಲಿ ನಗು ಅರಳಿತು.

"ಅವ್ವಾ! ನಿನಗೂ ಮೀನಾಟ ಬರತೈತಾ?"

ರುಜಾಯಿ ಮಗಳ ಭುಜ ಹಿಡಿದು ಜೋರಾಗಿ ಹೇಳಿದಳು. ಕೂಗಿ ಹೇಳಿದಳು. ಅಳುತ್ತ ಹೇಳಿದಳು. ಮಗು ಚಪ್ಪಾಳೆ ತಟ್ಟಿತು.

*

ಶ್ರವಣ ಕೇಂದ್ರ ಊರ ಹೊರಗಿನ ಗುಡ್ಡದ ಮೇಲಿತ್ತು. ಅಲ್ಲಿ ಮಣಿಗಳ ಉಸ್ತುವಾರಿ ನೋಡುತ್ತಿದ್ದವಳು ಶಾಲ್ಮಲಾ ಎಂಬ ಎಂಜಿನಿಯರು. ಇನ್ನೂ ಚಿಕ್ಕ ವಯಸ್ಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಜಸಿಂತಾಳನ್ನು ಆಟದ ಕೋಣೆಗೆ ಬಿಟ್ಟು ರುಜಾಯಿಯನ್ನು ಒಳಗೆ ಕರೆದಳು.

"ಬರ್ರಿ, ಕೂಡ್ರಿ. ಚಹಾ ತರಸ್ಲೇನು?"

"ಚಹಾ ಬ್ಯಾಡರಿ ಮೇಡಂ. ನನ್ನ ಮಾತು ನನ್ನ ಮಗಳಿಗೆ ಕೇಳವಲ್ದು."

ಶಾಲ್ಮಲಾ ಆಶ್ಚರ್ಯಪಡಲಿಲ್ಲ. ಈ ಮಾತು ಅವಳು ಮೊದಲ ಸಲ ಕೇಳುತ್ತಿಲ್ಲ ಎಂದು ರುಜಾಯಿಗೆ ಆಗಲೇ ತಿಳಿಯಿತು. ಭಯ ಅಲ್ಲಿಂದಲೇ ಬೆನ್ನು ಹತ್ತಿತು.

ಕೋಣೆಯ ಗೋಡೆ ತುಂಬ ಪರದೆಗಳು. ಒಂದೊಂದು ಮಗುವಿಗೆ ಒಂದೊಂದು ಗೆರೆ, ಹೊಳೆ ಹರಿದ ಹಾಗೆ ಬಲದಿಂದ ಎಡಕ್ಕೆ ಹರಿಯುತ್ತಿತ್ತು. ಅಲ್ಲಲ್ಲಿ ಗೆರೆ ಕಡಿದು ಬಿಳಿಯ ತೂತು.

"ಇವು ಮಗು ಕೇಳಿದ್ದು. ಬಿಳೇ ಜಾಗಾ ಅಂದ್ರ ಮಣಿ ತಡದು ತನ್ನೊಳಗ ಇಟ್ಟುಕೊಂಡದ್ದು. ಇದು ನಿಮ್ಮ ಮಗಳದು."

ರುಜಾಯಿ ನೋಡಿದಳು. ಹಬ್ಬದ ಕಾವಲಿಯ ಮೇಲಿನ ದೋಸೆಯ ಹಾಗೆ ಗೆರೆಯೆಲ್ಲ ತೂತು.

"ಇಷ್ಟೊಂದಾ?"

ಶಾಲ್ಮಲಾ ಪರದೆಯ ಹತ್ತಿರ ಸರಿದಳು. ನಿನ್ನೆಯ ಬೆಳಗಿನ ಗೆರೆಯನ್ನು ಹಿಂದಕ್ಕೆ ಎಳೆದು ತೋರಿಸಿದಳು. ಅಲ್ಲಿ ಎಲ್ಲಕ್ಕಿಂತ ಉದ್ದದ ಬಿಳಿ.

"ಇದು ನೀವು. ಮಣಿ ಬರೇ ಬೈಗಳನ್ನ ಹುಡುಕೋದಿಲ್ಲರಿ. ನೋವು ಹುಡುಕತದ. ಮಾತಾಡೋರ ಧ್ವನಿ ನಡುಗಿದ್ರ, ಮಗುವಿನ ಎದಿ ಬಡಿತ ಏರಿದ್ರ ಅಲ್ಲೇ ಮುಚ್ಚತದ. ಮಕ್ಕಳಿಗೆ ಯಾರ ಧ್ವನಿ ನಡುಗಿದ್ರ ಎಲ್ಲಾರಕಿಂತ ಮೊದಲು ಅಂಜಿಕಿ ಆಗತದ ಹೇಳ್ರಿ?"

"ತಾಯಿದು," ಅಂದಳು ರುಜಾಯಿ.

"ಹೌದು. ಅದಕ್ಕ ನಿಮ್ಮ ಮಾತು ಎಲ್ಲಾರಕಿಂತ ಮೊದಲು ನಿಂದರತದ."

"ತಗದಬಿಡ್ರಿ ಹಂಗಾರ."

"ಅದು ಕಿವಿ ಒಳಗಿನ ಎಲುಬಿನ ಕೂಡ ಬೆಳದದ. ಹನ್ನೆರಡು ವರ್ಷಕ್ಕ ತಾನಾಗೇ ಕಳಚಿಕೊಳ್ಳತದ. ಈಗ ಕಿತ್ತರ…" ಶಾಲ್ಮಲಾ ಬೆರಳನ್ನು ಕಿವಿಯ ಹತ್ತಿರ ತಂದು, ಕೈ ಕೆಳಗಿಳಿಸಿದಳು. "ಪೂರ್ತಿ ಕಿವಿ ಹೋಗಬಹುದು. ನಾನು ಮಾಡೋದಿಲ್ಲ. ನನ್ನ ಮಗಳಾಗಿದ್ರೂ ಮಾಡ್ತಿರಲಿಲ್ಲ."

ಪರದೆಯ ಮೇಲೆ, ಈಗಷ್ಟೇ, ಆಟದ ಕೋಣೆಯಲ್ಲಿ ಜಸಿಂತಾ ಯಾವುದೋ ಹಾಡು ಗುನುಗುತ್ತಿದ್ದಳು. ಆ ಗೆರೆ ಬೇರೆ ಥರ ಇತ್ತು, ಕೆಳಗೆ ದಪ್ಪಗೆ, ಒಂದೇ ಸಮ.

"ಇದ್ಯಾಕ ಹಿಂಗೈತ್ರಿ?"

"ಅದು ಆಕಿದ ಸ್ವಂತ ಧ್ವನಿ. ಸ್ವಂತ ಧ್ವನಿ ತಲಿಬುರುಡಿ ಒಳಗಿಂದನ ಹೋಗತದ, ತಮಟೆ ಹಾದಿ ಅಲ್ಲ. ಅದನ್ನ ಮಣಿಗೆ ಹಿಡಿಯಾಕ ಬರೋದಿಲ್ಲ." ಶಾಲ್ಮಲಾ ಬೇರೆಯದರ ಯೋಚನೆಯಲ್ಲಿದ್ದಳು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು. "ನಿಮಗ ಒಂದು ಕೇಳಿಸಬೇಕು. ನಿಯಮದಾಗ ಇಲ್ಲ. ಆದ್ರೂ ಕೇಳ್ರಿ."

ಅದು ಎರಡು ದಿನದ ಹಿಂದಿನ ತೂತು. ಗಂಡಸಿನ ಧ್ವನಿ, ಹತ್ತಿರದಿಂದ, ನಗುವಿಲ್ಲದ್ದು. ಈ ಕರಿ ಮಂದಿ ಎಲ್ಲಿಂದ ಬಂದು ಸೇರಿಕೊಂಡಾರೋ, ಮಕ್ಕಳನ್ನ ಎತ್ತಿಕೊಂಡು ಹೋಗೋರು ಇವರ ಅಂತ, ಇದನ್ನ ಮೊದಲು ಓಣಿ ಬಿಡಸಬೇಕು. ಅದರ ಹಿಂದೆಯೇ ಜಸಿಂತಾಳ ಧ್ವನಿ, ಎಳೆಬಿಸಿಲಿನಂಥದ್ದು: "ಕಾಕಾ, ನಿಮಗೂ ಮೀನಾಟ ಬರತೈತಾ?"

ರುಜಾಯಿ ಕಿವಿ ಮುಚ್ಚಿಕೊಂಡಳು.

ಮಕ್ಕಳ ಕಳ್ಳರ ಸುದ್ದಿ ಆ ವಾರ ಊರೆಲ್ಲ ಹರಿದಾಡುತ್ತಿತ್ತು. ಫೋನಿನಿಂದ ಫೋನಿಗೆ ಎಲ್ಲಿಯದೋ ಫೋಟೋ, ಯಾರದೋ ಅಳುವ ಧ್ವನಿ. ಕಳುವಾದ ಮಗು ಒಂದೂ ಇರಲಿಲ್ಲ. ಸುದ್ದಿಗೆ ಮಗು ಬೇಕಾಗಿರಲಿಲ್ಲ.

*

ಗುಡ್ಡ ಇಳಿದು ಮಾರುಕಟ್ಟೆಯ ಹಾದಿ ಹಿಡಿದರು. ರುಜಾಯಿ ಮಗಳ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. "ನೋವಾಗತೈತಿ ಅವ್ವಾ," ಅಂದಾಗ ಸ್ವಲ್ಪ ಸಡಿಲಿಸಿದಳು. ಉಳ್ಳಾಗಡ್ಡಿ ಆರಿಸಿಕೊಳ್ಳಲು ಎರಡೂ ಕೈ ಬೇಕಾದಾಗ ಬಿಟ್ಟಳು. ಬಿಟ್ಟಿದ್ದು ಅಷ್ಟೇ ಹೊತ್ತು.

ತಲೆಯೆತ್ತಿದಾಗ ಜಸಿಂತಾ ಪಕ್ಕದಲ್ಲಿರಲಿಲ್ಲ. ಆಚೆ, ಬಾಳೆಹಣ್ಣಿನ ಗಾಡಿಗಳ ಹತ್ತಿರ, ಯಾರದೋ ಎಳೆಯ ಕೂಸೊಂದು ದಾರಿ ತಪ್ಪಿ ಅಳುತ್ತ ನಿಂತಿತ್ತು. ಬೆಳ್ಳಗಿನ ಕೂಸು. ಜಸಿಂತಾ ಅದನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು, ಕಣ್ಣು ಒರೆಸಿ, ಅದರ ಅವ್ವನನ್ನು ಹುಡುಕುತ್ತ ಹೊರಟಿದ್ದಳು. ಅಳುವ ಕೂಸನ್ನು ಬಿಟ್ಟು ಬರಬಾರದು ಎಂದು ಅವಳಿಗೆ ಕಲಿಸಿದವಳು ಅಜ್ಜಿಯೇ.

"ಏ! ಕೂಸನ್ನ ಒಯ್ಯಾಕತ್ತೈತ್ರೋ!"

ಯಾರು ಕೂಗಿದರೋ. ಒಬ್ಬ ತಿರುಗಿದ, ನಾಲ್ವರು ತಿರುಗಿದರು, ಆಮೇಲೆ ಮಾರುಕಟ್ಟೆಯೇ ತಿರುಗಿತು. ರುಜಾಯಿ ಉಳ್ಳಾಗಡ್ಡಿ ಚೆಲ್ಲಿ ಓಡಿದಳು. ಜನ ಗೋಡೆಯಾಗಿ ನಿಂತಿದ್ದರು. ಸಂದಿಯಲ್ಲಿ ಮಗಳ ಮುಖ ಕಂಡಿತು, ಮುಚ್ಚಿತು, ಕಂಡಿತು.

ಜಸಿಂತಾಳ ಸುತ್ತ ದೊಡ್ಡ ದೊಡ್ಡ ಗಂಡಸರು. ಕತ್ತಿನ ನರ ಉಬ್ಬಿಸಿ, ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರು. ಅವಳು ಒಬ್ಬೊಬ್ಬರನ್ನೇ ನೋಡಿದಳು. ಅವಳ ಕಣ್ಣು ಅರಳಿತು. ಕೂಸನ್ನು ಸೊಂಟದ ಮೇಲೆ ಸರಿಮಾಡಿಕೊಂಡು, ತಾನೂ ಬಾಯಿ ತೆರೆದು ಮುಚ್ಚಿ ತೋರಿಸಿದಳು. ಆಮೇಲೆ ನಕ್ಕಳು.

"ಅಣಕಸ್ತೈತಿ ನೋಡ್ರಿ! ಇದಕ್ಕ ಯಾರು ಕಲಿಸ್ಯಾರ? ಇದರ ಹಿಂದಿನವರು ಎಲ್ಲಿ ಅದಾರ?"

"ಜಸಿಂತಾ! ಕೂಸನ್ನ ಕೆಳಗಿಳಸು! ಓಡಿ ಬಾ! ನನ್ನ ಕಡೆ ಓಡಿ ಬಾ!"

ರುಜಾಯಿಗೆ ತನ್ನ ಧ್ವನಿ ತನಗೇ ಕೇಳಿಸಿತು. ನಡುಗುವ ಧ್ವನಿ. ಮಗಳಿಗೆ ಅದು ತಲುಪಲಿಲ್ಲ. ತಲುಪುವುದಿಲ್ಲ ಎಂದು ಗೊತ್ತಿದ್ದೂ ಕೂಗಿದಳು. ಯಾರೋ ಹಿಂದಿನಿಂದ ಅವಳ ಕೂದಲಿಗೆ ಕೈ ಹಾಕಿದರು. "ಇದರ ತಾಯಿ ಸಿಕ್ಕಳು!" ಒಬ್ಬನ ಕೈಯಲ್ಲಿ ತಕ್ಕಡಿಯ ಕಲ್ಲಿತ್ತು.

ಪಕ್ಕದಲ್ಲಿ ಖಾಲಿ ಎಣ್ಣೆಡಬ್ಬಿ ಬಿದ್ದಿತ್ತು. ರುಜಾಯಿ ಅದನ್ನೇಕೆ ಎತ್ತಿಕೊಂಡಳೋ ಅವಳಿಗೂ ಹೇಳಲು ಬಾರದು. ಕೈಗೆ ಮಾತ್ರ ಗೊತ್ತಿತ್ತು. ಊರಲ್ಲಿ ಕಾಡಿಗೆ ಹೋದ ಮಕ್ಕಳನ್ನು ಕರೆಯಲು ಡಮಾಮಿ ಎಂಬ ಡೋಲಿನ ಮೇಲೆ ಬಡಿಯುತ್ತಿದ್ದ ಒಂದು ಪೆಟ್ಟಿತ್ತು. ಧಾರವಾಡದ ಮನೆಯಲ್ಲಿ ಡಮಾಮಿ ಇಲ್ಲದೆ ಮಾರ್ಯಾಣಬಾಯಿ ದಿನಾ ಸಂಜೆ ಅದನ್ನೇ ತಾಟಿನ ಬೆನ್ನ ಮೇಲೆ ಸೌಟಿನಿಂದ ಬಡಿದು ಮೊಮ್ಮಗಳನ್ನು ಊಟಕ್ಕೆ ಕರೆಯುತ್ತಿದ್ದಳು.

ಢಣ್ ಢಣ್. ಢಣಢಣ ಢಣ್.

ಕೂಗುತ್ತಿದ್ದ ಬಾಯಿಗಳು ಒಂದು ಗಳಿಗೆ ಬೆಚ್ಚಿ ನಿಂತವು. ಸದ್ದಿನಲ್ಲಿ ಮಾತಿರಲಿಲ್ಲ, ಉಸಿರಿರಲಿಲ್ಲ. ಮಣಿಗೆ ಅದರಲ್ಲಿ ಮೂಸಲು ಏನೂ ಸಿಗಲಿಲ್ಲ.

ಜಸಿಂತಾ ತಟ್ಟನೆ ತಿರುಗಿದಳು. ಕೂಸನ್ನು ಹತ್ತಿರದ ಗಾಡಿಯ ಮೇಲೆ, ಬಾಳೆಗೊನೆಗಳ ನಡುವೆ, ಜೋಪಾನವಾಗಿ ಕೂರಿಸಿದಳು. ಗಂಡಸರ ಕಾಲುಗಳ ಸಂದಿಯಿಂದ ನುಸುಳಿ, ಊಟಕ್ಕೆ ಓಡಿಬರುವ ಹಾಗೆಯೇ ಓಡಿ ಬಂದು ತಾಯಿಯ ಸೊಂಟ ತಬ್ಬಿದಳು. ಅಷ್ಟರಲ್ಲಿ ಕೂಸಿನ ತಾಯಿ ಎದೆ ಬಡಿದುಕೊಳ್ಳುತ್ತ ಬಂದಳು. ಹೂವಿನವಳು ನಡುವೆ ನುಗ್ಗಿ, "ಏ, ಇವರು ಹಾಸ್ಟೆಲಿನ ಅಡಿಗಿ ಅಕ್ಕಾರು! ದಿನಾ ನನ್ನ ಕಡೆ ಹೂ ಒಯ್ತಾರ. ನಿಮಗೇನು ಕಣ್ಣಿಲ್ಲೇನು, ಖೋಡಿಗೋಳ್ರಾ?" ಎಂದು ಬೈದಳು.

ಕೂದಲು ಹಿಡಿದ ಕೈ ಬಿಟ್ಟಿತು. ಕಲ್ಲು ತಕ್ಕಡಿಗೆ ಮರಳಿತು. "ಸುಮ್ನ ಕೇಳಿದ್ವಿ ಬಿಡ್ರಿ, ದಿನಮಾನ ಸುಮಾರ ಅದಾವ," ಅಂದ ಒಬ್ಬ. ನೋಡನೋಡುತ್ತ ಮಾರುಕಟ್ಟೆ ಮತ್ತೆ ಮಾರುಕಟ್ಟೆಯಾಯಿತು. ಉಳ್ಳಾಗಡ್ಡಿಯವನು ಚೆಲ್ಲಿದ್ದನ್ನು ಆರಿಸಿ ಚೀಲಕ್ಕೆ ತುಂಬಿಕೊಟ್ಟ. ಅದೇ ಹೆಚ್ಚು ಹೆದರಿಕೆಯಾಗಿ ಕಂಡಿತು ರುಜಾಯಿಗೆ.

"ಅವ್ವಾ," ಜಸಿಂತಾ ಏದುಸಿರು ಬಿಡುತ್ತಿದ್ದಳು. ಕಣ್ಣು ಹೊಳೆಯುತ್ತಿತ್ತು. "ಎಷ್ಟ ಮಂದಿ ಆಡಿದ್ರು ನೋಡಿದೇನು!"

*

ಮನೆಗೆ ಬಂದು ರುಜಾಯಿ ಬಾಗಿಲಿಗೆ ಚಿಲಕ ಹಾಕಿದಳು. ನಡೆದದ್ದನ್ನೆಲ್ಲ ತಾಯಿಗೆ ಹೇಳಿದಳು.

ಮಾರ್ಯಾಣಬಾಯಿ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿದಳು. ಆಮೇಲೆ ಅಂದಳು: "ನಾಳೆ ನಾವಿಬ್ಬರೂ ಆಕಿ ಜೋಡಿ ಇರಂಗಿಲ್ಲ. ಡಬ್ಬಿನೂ ಇರಂಗಿಲ್ಲ."

"ನಾನು ಹೇಳಿದ್ರ ಆಕಿಗೆ ಕೇಳಂಗಿಲ್ಲ ಅವ್ವಾ. ಹೆಂಗ ಹೇಳಲಿ?"

ತಾಯಿ ಎದ್ದು ಹೋಗಿ ಟ್ರಂಕಿನಿಂದ ಕೌದಿ ತೆಗೆದು ಮಗಳ ಮಡಿಲಿಗೆ ಹಾಕಿದಳು, ಅಷ್ಟೆ. ಬೇರೇನೂ ತೋಚದಾಗ ಕೈಗೆ ಕೆಲಸ ಕೊಡುವುದು ಅವಳ ಸ್ವಭಾವ.

ಮೂರು ಮೂಲೆಯಲ್ಲಿ ಹೂವು. ನಾಲ್ಕನೆಯದು ಬರಿದು. ರುಜಾಯಿ ಆ ಬರಿ ಮೂಲೆಯನ್ನು ಬೆರಳಲ್ಲಿ ಹಿಡಿದು ಕೂತಳು. ಇದನ್ನು ತಾಯಿ ಹಾಕುವಂತಿಲ್ಲ, ಮಗುವೇ ಹಾಕಬೇಕು. ತನ್ನ ಕೈಯಿಂದಲೇ. ಅದನ್ನು ಯೋಚಿಸುತ್ತ ಯೋಚಿಸುತ್ತ ಗುಡ್ಡದ ಮೇಲಿನ ಕೋಣೆ ಕಣ್ಣ ಮುಂದೆ ಬಂತು. ಮಗಳು ಗುನುಗುವಾಗ ಪರದೆಯ ಮೇಲೆ ದಪ್ಪಗೆ, ಒಂದೇ ಸಮ ಹರಿದ ಗೆರೆ. ಅದನ್ನ ಮಣಿಗೆ ಹಿಡಿಯಾಕ ಬರೋದಿಲ್ಲ.

ಅವಳ ಅಂಗೈ ತಣ್ಣಗಾಯಿತು. ದಾರಿ ಇತ್ತು. ಆ ದಾರಿ ಇಲ್ಲದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ಜಸಿಂತಾ, ಬಾ. ಕೌದಿಗೆ ಹೂ ಹಾಕು."

ಮಗು ಹಾರಿಕೊಂಡು ಬಂದು ಕೂತಿತು. ಸೂಜಿ ಪೋಣಿಸಿಕೊಟ್ಟದ್ದು ಅಜ್ಜಿ. ಕೆಂಪು ಬಟ್ಟೆಯ ತುಂಡನ್ನು ಮಡಿಚುವುದು ಹೇಗೆಂದು ಒಮ್ಮೆ ತೋರಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು. ರುಜಾಯಿ ಉಸಿರನ್ನು ಹೊಟ್ಟೆಯ ತಳಕ್ಕೆ ಇಳಿಸಿ, ಉಪ್ಪು ಎಷ್ಟು ಹಾಕಲಿ ಎಂದು ಕೇಳುವ ಧ್ವನಿಯಲ್ಲಿ ಕೇಳಿದಳು:

"ಮೀನಾಟ ಆಡ್ತೀರಲ್ಲ, ಅವರು ಬಾಯಿ ಹೆಂಗ ಮಾಡ್ತಾರ?"

ಜಸಿಂತಾ ಸೂಜಿ ಹಿಡಿದುಕೊಂಡೇ ಬಾಯಿ ಆಡಿಸಿ ತೋರಿಸಿದಳು.

"ಈಗ ಹಂಗ ಮಾಡು. ಆದ್ರ ಸಪ್ಪಳ ಮಾಡು."

"ಮೀನಾಟದಾಗ ಸಪ್ಪಳ ಮಾಡಂಗಿಲ್ಲ ಅವ್ವಾ."

"ಇವತ್ತ ಮಾಡೂಣ. ಮೆಲ್ಲಕ. ಬಾಯಿ ಹೆಂಗ ಹೋಗತೈತಿ ಹಂಗ ಧ್ವನಿ ಬಿಡು."

ಮಗು ಅಜ್ಜಿಯ ಮುಖ ನೋಡಿತು. ಆಟ ಹೊಸದಾಯಿತೆಂದು ನಕ್ಕಿತು. ಬಾಯಿ ಅರ್ಧ ತೆರೆಯಿತು, "ಕ… ಕರ…" ಅಂದಿತು. ಹಲ್ಲು ಕಂಡಿತು, "ಕರಿ." ತುಟಿ ಕೂಡಿತು, "ಮ್…" ಬಿಚ್ಚಿತು.

"ಕರಿ ಮಂಗ್ಯಾ."

ರುಜಾಯಿ ಕಣ್ಣು ಮುಚ್ಚಲಿಲ್ಲ. ಮುಚ್ಚಬಾರದೆಂದು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು.

ಜಸಿಂತಾ ಇನ್ನೊಮ್ಮೆ ಅಂದಳು, ಈ ಸಲ ಸಣ್ಣಗೆ. ಎರಡು ಮಾತೂ ಅವಳಿಗೆ ಬೇರೆ ಬೇರೆಯಾಗಿ ಗೊತ್ತಿದ್ದವೇ. ಕಾಗೆ ಕರಿ, ಕಾವಲಿ ಕರಿ. ಮಂಗ್ಯಾ ಗಿಡದ ಮೇಲೆ. ಎರಡೂ ಕೂಡಿ, ಎಲ್ಲರ ಬಾಯಲ್ಲಿ, ತನ್ನ ಸುತ್ತ. ಅವಳು ತನ್ನ ಕೈಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

"ನನಗಾ?"

ರುಜಾಯಿ ಹೌದೆಂದು ತಲೆಯಾಡಿಸಿದಳು. ಮಾತಾಡಿದರೆ ಧ್ವನಿ ನಡುಗುತ್ತಿತ್ತು.

"ದಿನಾನೂ ಅದನ್ನ ಅಂತಿದ್ರಾ? ಸಾಲ್ಯಾಗ… ಬಸ್ಸಿನ ಮಾಮಾನೂ? ಇವತ್ತ ಅಷ್ಟೂ ಮಂದಿ…" ಮಗು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಿತು. ಅಳಲಿಲ್ಲ. ಅವಳ ಕಣ್ಣು ಎಲ್ಲಿಗೋ ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗುತ್ತಿತ್ತು. "ನಾನು ನಗ್ತಿದ್ದೆ ಅವ್ವಾ. ಅವರು ಅಂತಿದ್ರು, ನಾನು ನಗ್ತಿದ್ದೆ."

ಆ ಮಾತಿಗೆ ಮಾರ್ಯಾಣಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು.

ಸಮಾಧಾನ ಹೇಳಲು ರುಜಾಯಿಗೆ ನೂರು ಮಾತು ನಾಲಿಗೆಯ ತುದಿಗೆ ಬಂದವು. ಹೇಳಿದರೆ ಮಣಿ ನುಂಗುತ್ತದೆ. ಕೇಳಬಹುದಷ್ಟೆ. ಮಗುವೇ ಹೇಳಿದರೆ ಮಗುವಿಗೆ ಕೇಳುತ್ತದೆ.

"ಮಂಗ್ಯಾಗ ಏನಿರತೈತಿ?" ಕೇಳಿದಳು.

"…ಬಾಲ."

"ನಿನಗೈತೇನು?"

ಜಸಿಂತಾ ಹಿಂದೆ ಕೈ ಹಾಕಿ ನೋಡಿಕೊಳ್ಳುವಷ್ಟರಲ್ಲಿ ಅಜ್ಜಿ, "ನೋಡು ನೋಡು, ಲಂಗದಾಗ ಎಲ್ಲರ ಸಿಕ್ಕೊಂಡಿರತೈತಿ," ಅಂದಳು. ಮಗುವಿನ ಮುಖದಲ್ಲಿ ನಗು ಬಂದು, ಅರ್ಧಕ್ಕೆ ನಿಂತಿತು.

"ಇಲ್ಲ," ಅಂದಳು.

"ಹಂಗಾರ ಅವರು ಅಂದದ್ದು ಖರೇನೋ ಸುಳ್ಳೋ?"

"ಸುಳ್ಳು."

"ಸುಳ್ಳು ಯಾರದು?"

ಹೊರಗೆ ಓಣಿಯಲ್ಲಿ ಯಾರೋ ಯಾರನ್ನೋ ಕರೆದರು. ಜಸಿಂತಾ ಬೆಚ್ಚಿ ಕಿಟಕಿಯತ್ತ ನೋಡಿದಳು. ಹಾಗೆ ಅವಳು ಬೆಚ್ಚಿದ್ದನ್ನು ರುಜಾಯಿ ಹಿಂದೆಂದೂ ನೋಡಿರಲಿಲ್ಲ. ಇನ್ನು ದಿನಾ ನೋಡಬೇಕು ಎಂದು ಅವಳ ಕರುಳು ಹೇಳಿತು.

"ಅವರದು," ಅಂದಿತು ಮಗು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ ಇನ್ನೊಮ್ಮೆ, ಬುರುಡೆಯೊಳಗೇ ಮೊಳಗುವ ತನ್ನ ಧ್ವನಿಯಲ್ಲಿ: "ಸುಳ್ಳು ಅವರದು."

ಸೂಜಿ ಮತ್ತೆ ಕೈಗೆ ಬಂತು. ಹೂವು ಸೊಟ್ಟಗಾಯಿತು. ಒಂದು ಕಡೆ ದಾರ ಗಂಟು ಬಿತ್ತು, ಇನ್ನೊಂದು ಕಡೆ ಬಟ್ಟೆ ಉಬ್ಬಿ ನಿಂತಿತು. ಯಾರೂ ಮುಟ್ಟಲಿಲ್ಲ.

*

ಮರುದಿನ ರುಜಾಯಿ ಸಾಲೆಯ ತನಕ ಹೋದಳು. ಗೇಟಿನ ಈಚೆ, ರಸ್ತೆಯ ಅಂಚಿನಲ್ಲಿ ನಿಂತಳು. ಒಳಗೆ ಬರಬೇಡ ಅಂದಿದ್ದಳು ಜಸಿಂತಾ. ಅವಳ ಜಡೆ ಬಿಗಿಯಾಗಿತ್ತು, ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ. ಇಡೀ ದಾರಿ ನಗಲಿಲ್ಲ. ಎದುರಿಗೆ ಬಂದವರೆಲ್ಲರ ಬಾಯಿ ನೋಡುತ್ತ ಬಂದಿದ್ದಳು. ಆಕಳಿಸಿದವರನ್ನೂ, ಎಲೆ ಅಡಿಕೆ ಅಗಿಯುವವರನ್ನೂ.

ಅಂಗಳದಲ್ಲಿ ಮಕ್ಕಳು ಅವಳನ್ನು ಕಂಡು ಸುತ್ತುವರಿದರು. ಅಷ್ಟು ದೂರಕ್ಕೆ ರುಜಾಯಿಗೆ ಏನೂ ಕೇಳಿಸುತ್ತಿರಲಿಲ್ಲ, ರಸ್ತೆಯ ತುಂಬ ಗಾಡಿಗಳ ಸದ್ದು. ಬಾಯಿಗಳು ತೆರೆದು ಮುಚ್ಚುವುದು ಮಾತ್ರ ಕಂಡಿತು. ಅವಳ ಕಾಲು ತಾನಾಗಿ ಮುಂದೆ ಹೋಯಿತು. ಕಂಬ ಹಿಡಿದು ನಿಲ್ಲಿಸಿಕೊಂಡಳು.

ಜಸಿಂತಾ ಓಡಲಿಲ್ಲ. ಬಾಯಿಗಳು ನಿಲ್ಲುವ ತನಕ ನಿಂತಳು. ಆಮೇಲೆ ಅವಳ ತುಟಿ ಆಡಿತು. ಸ್ವಲ್ಪ ಹೊತ್ತು, ಸಾವಕಾಶ, ಎದುರಿನ ಹುಡುಗನ ಮುಖವನ್ನೇ ನೋಡುತ್ತ. ಏನಂದಳೋ. ತಾಯಿ ಹೇಳಿಕೊಟ್ಟ ಮಾತಲ್ಲ ಅದು, ಹೇಳಿಕೊಟ್ಟಿದ್ದರೆ ತುಟಿ ನೋಡಿಯೇ ತಿಳಿಯುತ್ತಿತ್ತು. ಸುತ್ತ ನಿಂತವರ ಬಾಯಿಗಳು ಮುಚ್ಚಿಯೇ ಉಳಿದವು. ಒಬ್ಬ ಹುಡುಗ ನೆಲ ನೋಡಿದ. ಇನ್ನೊಬ್ಬ ಕಲ್ಲೊಂದನ್ನು ಕಾಲಿನಿಂದ ಒದ್ದ, ಆ ಕಲ್ಲು ಉರುಳಿ ಎಲ್ಲಿ ಹೋಗಿ ನಿಲ್ಲುತ್ತದೋ ಎಂದು ರುಜಾಯಿ ಉಸಿರು ಹಿಡಿದು ನೋಡಿದಳು.

ಜಸಿಂತಾ ಅವರ ನಡುವಿನಿಂದ ದಾಟಿ ಮೆಟ್ಟಿಲು ಹತ್ತಿದಳು. ಹಿಂದಿರುಗಿ ನೋಡಲಿಲ್ಲ. ಬಾಗಿಲ ಕತ್ತಲಿಗೆ ಕಾಲಿಡುವ ಮೊದಲು ಡಬ್ಬಿಯನ್ನು ಎದೆಗೆ ಹಿಡಿದು, ಬೆರಳ ಗೆಣ್ಣಿನಿಂದ ಬಡಿದಳು.

ಢಣ್ ಢಣ್. ಢಣಢಣ ಢಣ್.

ಅದು ಮಾತ್ರ ಗಾಡಿಗಳ ಸದ್ದನ್ನು ದಾಟಿ ಬಂತು. ರುಜಾಯಿ ಬಳೆಗೈಯಿಂದ ಕಬ್ಬಿಣದ ಕಂಬಕ್ಕೆ ಅದನ್ನೇ ತಿರುಗಿ ಬಡಿದಳು. ಮಗಳಿಗೆ ಕೇಳಿಸಿತೋ ಇಲ್ಲವೋ. ಕೇಳಿಸುವ ತನಕ ಬಡಿಯುತ್ತಲೇ ನಿಂತಳು.